ಅದ್ರಾಮಾಕನ ನಾಲ್ಕನೇ ಪೆಟ್ಟಿಗೆ

ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ನನ್ನದೊಂದು ಪಂಪು, ಪೈಪು, ಸ್ಪ್ರಿಂಕ್ಲರ್ ಅಂಗಡಿ. ಶುರುವಾಗಿ ಹದಿನೆಂಟು ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ ನನ್ನ ತಲೆ ತಿಂದವರ ಪಟ್ಟಿ ಬರೆಯಲು ಕೂತರೆ ಮೊದಲನೆಯ ಹೆಸರು ಅದ್ರಾಮಾಕ, ಎರಡನೆಯದು ಅವರ ಮಗ ಮಶೂದ್. ಮೂರನೆಯದಕ್ಕೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅದ್ರಾಮಾಕ ಜೋರು ಮಾಡುವ ಮನುಷ್ಯನಲ್ಲ. ಜೋರು ಮಾಡುವ ಗಿರಾಕಿಯಾದರೆ ನಾನೂ ಜೋರು ಮಾಡಿ ಮುಗಿಸುತ್ತಿದ್ದೆ. ಇವರು ಮೆಲ್ಲಗೆ ಬರುತ್ತಾರೆ, ಕೊಡೆಯನ್ನು ಬಾಗಿಲಿಗೆ ಒರಗಿಸುತ್ತಾರೆ, ಅಂಗಿಯ ಜೇಬಿನಿಂದ ಒಂದು ಸಣ್ಣ ಸ್ಪ್ಯಾನರ್ ತೆಗೆಯುತ್ತಾರೆ. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜಾಗದಲ್ಲಿ ಅವರು ಸ್ಪ್ಯಾನರ್ ಇಟ್ಟುಕೊಳ್ಳುವುದು. ಆಮೇಲೆ ನನ್ನ ಸಾಮಾನನ್ನು ತಿರುಗಿಸಿ ಮುರುಗಿಸಿ ನೋಡಿ, ಊದಿ, ವಾಪಸ್ಸು ಇಟ್ಟು, "ಒಳ್ಳೇದುಂಟು ಗೌಡ್ರೆ. ಆದ್ರೆ ಆಗ್ಲಿಕ್ಕಿಲ್ಲ" ಎನ್ನುತ್ತಾರೆ. ಆ 'ಆದ್ರೆ' ಕೇಳಿ ಕೇಳಿ ನನ್ನ ರಕ್ತದೊತ್ತಡ ಏರಿದ್ದು.

ಇಪ್ಪತ್ತಾರು ವರ್ಷ ಅವರು ಗಲ್ಫಿನಲ್ಲಿದ್ದರು. ಅಲ್ಲಿ ಕೆಲಸ ಹುಲ್ಲಿಗೆ ನೀರು ಬಿಡುವುದು. ರಸ್ತೆ ಮಧ್ಯದ ಹುಲ್ಲು, ಪಾರ್ಕಿನ ಹುಲ್ಲು, ಯಾವುದೋ ದೊಡ್ಡ ಕಚೇರಿಯ ಮುಂದಿನ ಹುಲ್ಲು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ನೀರು ಚಿಮುಕಿಸಿ ಚಿಮುಕಿಸಿ ಬಲಗೈಯ ಆ ಬೆರಳು ಚಪ್ಪಟೆಯಾಗಿದೆ. ಅವರು ಊರಿಗೆ ಬಂದ ಮೇಲೆ ಮಶೂದ್ ಹೊಸ ಮನೆ ಕಟ್ಟಿಸಿದ. ಮನೆಯ ಮುಂದೆ ಲಾನ್ ಹಾಕಿಸಿದ. ಮನೆಯಲ್ಲಿ ಅದ್ರಾಮಾಕನ ಹೆಂಡತಿ ಕದೀಜಮ್ಮ, ಪುತ್ತೂರಿಗೆ ಕಾಲೇಜಿಗೆ ಹೋಗುವ ಕಿರಿ ಮಗಳು ಆಫ್ರಾ, ವಾರಕ್ಕೆ ಮೂರು ದಿನ ಬಂದು ತುಂಬಿಕೊಳ್ಳುವ ನೆಂಟರು. ಮಶೂದ್ ಗಲ್ಫಿನ ಅಜ್ಮಾನಿನಲ್ಲಿ ಟಯರ್ ಅಂಗಡಿಯಲ್ಲಿದ್ದಾನೆ.

ಅವನು ಕಳೆದ ಸೆಪ್ಟೆಂಬರಿನಲ್ಲಿ ನನಗೆ ಫೋನ್ ಮಾಡಿದ.

"ತೀರ್ಥಣ್ಣ, ನಾನು ಇಲ್ಲಿಂದ ಮೊಬೈಲಲ್ಲಿ ಒತ್ತಿದ್ರೆ ಅಲ್ಲಿ ಲಾನಿಗೆ ನೀರು ಬೀಳ್ಬೇಕು. ಅಂಥ ಕಂಟ್ರೋಲರ್ ಒಂದು ನೋಡಿ. ಬಾಪ ಇನ್ನು ಪೈಪು ಮುಟ್ಲಿಕ್ಕಿಲ್ಲ."

"ಆಯ್ತು ಮಾರಾಯ, ನೋಡುವ."

"ಬಾಪನಿಗೆ ತೋರ್ಸಿ, ಅವರಿಗೆ ಸರಿ ಕಂಡದ್ದನ್ನೇ ಹಾಕಿ. ಅವರಿಗೆ ಇದೆಲ್ಲ ಗೊತ್ತುಂಟು."

ಈ ಕೊನೆಯ ಮಾತಿಗೆ ನಾನು ಒಪ್ಪಬಾರದಿತ್ತು. ಮಗನಿಗೆ ಅಪ್ಪ ಇನ್ನೊಂದು ದಿನವೂ ಪೈಪು ಹಿಡಿಯುವುದು ಬೇಡ. ಅಪ್ಪನಿಗೆ ಪೈಪು ಬಿಟ್ಟು ಇರಲು ಆಗುವುದಿಲ್ಲ. ಇದ್ದ ವಿಷಯ ಇಷ್ಟೇ. ಇಬ್ಬರೂ ಇದನ್ನು ಒಬ್ಬರಿಗೊಬ್ಬರು ಬಿಡಿಸಿ ಹೇಳುವುದಿಲ್ಲ. ನಡುವೆ ಪೆಟ್ಟಿಗೆ ಹೊತ್ತುಕೊಂಡು ಓಡಾಡಲು ನಾನೊಬ್ಬ ಸಿಕ್ಕಿದೆ. ಆಗ ನನಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೆ ಫೋನ್ ಎತ್ತುತ್ತಲೇ ಇರಲಿಲ್ಲ.

ಮೊದಲನೆಯ ಕಂಟ್ರೋಲರ್ ಪೆಟ್ಟಿಗೆ ತರಿಸಿದೆ. ಆರು ವಾಲ್ವ್ ನಡೆಸುವ, ವೈಫೈಯ, ನೋಡಲು ಚೆಂದದ ಪೆಟ್ಟಿಗೆ. ಅದ್ರಾಮಾಕ ಹಿಂದಿನ ಮುಚ್ಚಳ ಬಿಚ್ಚಿದರು.

"ಇದಕ್ಕೆ ಒಳಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದ್ರೆ ಗಂಟೆ ಮರೀತದೆ. ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಹೋಗ್ತದೆ ಹೇಳಿ?"

ಹೇಳಲು ಏನಿದೆ, ಅವರು ಆ ಮಾತು ಆಡುತ್ತಿದ್ದಾಗಲೇ ಅಂಗಡಿಯ ಫ್ಯಾನ್ ನಿಂತಿತು.

ಎರಡನೆಯದು ಬ್ಯಾಟರಿ ಇದ್ದದ್ದು. ಅದು ಇನ್ನೂ ಬುದ್ಧಿವಂತ. ಇಂಟರ್ನೆಟ್ಟಿನಲ್ಲಿ ಹವಾಮಾನ ನೋಡಿ, ಮಳೆ ಬರುತ್ತದೆಂದರೆ ತಾನೇ ನೀರು ನಿಲ್ಲಿಸುತ್ತದೆ. ನಾನು ಹೆಮ್ಮೆಯಿಂದ ವಿವರಿಸಿದೆ. ಅದ್ರಾಮಾಕ ತಾಳ್ಮೆಯಿಂದ ಕೇಳಿದರು.

"ಎಲ್ಲಿಯ ಮಳೆ ನೋಡುದು ಇದು?"

ನೋಡಿದರೆ ಅದು ಸವಣೂರನ್ನು ಸುಬ್ರಹ್ಮಣ್ಯದ ಲೆಕ್ಕಕ್ಕೆ ಸೇರಿಸಿತ್ತು.

"ಘಟ್ಟದ ಬುಡದಲ್ಲಿ ಸುರಿದ್ರೆ ನನ್ನ ಹುಲ್ಲು ಒಣಗಿ ಸಾಯ್ಬೇಕಾ ಗೌಡ್ರೆ?"

ಮತ್ತೆ ಸರಿಯಾದ ಮಾತು. ಈ ಮನುಷ್ಯನ ಮೇಲೆ ಸಿಟ್ಟು ಮಾಡಲೂ ಆಗದಂತೆ ಪ್ರತಿ ಸಲವೂ ಸರಿಯಾದದ್ದನ್ನೇ ಹೇಳುತ್ತಾರೆ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ಆ ಪೆಟ್ಟಿಗೆ ಈಗ ಐವರ್ನಾಡಿನ ಒಂದು ರಬ್ಬರ್ ನರ್ಸರಿಯಲ್ಲಿ ಸುಖವಾಗಿದೆ.

ಮೂರನೆಯದರಲ್ಲಿ ತಪ್ಪು ನನ್ನದೇ. ರಟ್ಟಿನ ಮೇಲೆ 'ರಿಮೋಟ್' ಎಂದು ದಪ್ಪ ಅಕ್ಷರದಲ್ಲಿ ಇತ್ತು, ನಂಬಿದೆ. ಬಿಚ್ಚಿ ಓದಿದರೆ ಬ್ಲೂಟೂತ್, ಹತ್ತು ಮೀಟರ್ ಒಳಗೆ ನಿಂತು ಒತ್ತಬೇಕು. ಅದ್ರಾಮಾಕ ಬಾಯಿ ತೆರೆಯುವ ಮೊದಲೇ ಅಜ್ಮಾನಿನಿಂದ ಮಶೂದ್ ಫೋನಿನಲ್ಲಿ ಹಾರಿಬಿದ್ದ.

"ಅಣ್ಣ, ನಾನು ಇರುದು ಅಜ್ಮಾನಲ್ಲಿ, ನಮ್ಮ ಮನೆ ಬಚ್ಚಲಲ್ಲಿ ಅಲ್ಲ!"

"ಗೊತ್ತುಂಟು ಮಾರಾಯ, ಬೊಬ್ಬೆ ಹಾಕ್ಬೇಡ. ನಿನ್ನ ಬಾಪನೇ ಹಾಕ್ಕೊಳ್ಳಲಿ ನೀರು, ಎಂತ ಕಷ್ಟ? ಕೈಕಾಲು ಗಟ್ಟಿ ಉಂಟಲ್ಲ?"

ರೇಗಿ ಆಡಿದ ಮಾತು. ಆಮೇಲೆ ಮಶೂದ್ ಹೇಳಿದ್ದನ್ನು ನಾನು ಕೇಳದಿದ್ದರೇ ಚೆನ್ನಾಗಿತ್ತು. ಹತ್ತೊಂಬತ್ತು ವರ್ಷಕ್ಕೆ ಅವನು ಮೊದಲ ಸಲ ಗಲ್ಫಿಗೆ ಹೋದಾಗ ಬಸ್ಸಿನ ಕಿಟಕಿಯಿಂದ ಅಪ್ಪನನ್ನು ನೋಡಿದ್ದನಂತೆ. ಮಟಮಟ ಮಧ್ಯಾಹ್ನ, ರಸ್ತೆಯ ನಡುವೆ, ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಪೈಪು ಹಿಡಿದು ನಿಂತಿದ್ದರಂತೆ. ಮನೆಗೆ ಬರುತ್ತಿದ್ದ ಕಾಗದದಲ್ಲಿ ಅವರು 'ಗಾರ್ಡನ್ ಸೂಪರ್‌ವೈಸರ್'.

"ಜೊತೆಯಲ್ಲಿ ಗೆಳೆಯರಿದ್ರು. ನಾನು ಬಸ್ಸಿಂದ ಇಳಿಲಿಲ್ಲ ಅಣ್ಣ" ಎಂದು ಹೇಳಿ ಫೋನ್ ಇಟ್ಟ.

ಹೀಗಾಗಿ ನಾಲ್ಕನೆಯ ಪೆಟ್ಟಿಗೆ ಬಂತು. ಇದರಲ್ಲಿ ಬ್ಯಾಟರಿ ಇದೆ, ಸಿಮ್ ಹಾಕಿದರೆ ಎಲ್ಲಿಂದ ಬೇಕಾದರೂ ನಡೆಯುತ್ತದೆ, ಇಂಟರ್ನೆಟ್ಟಿನ ಮಳೆ ನಂಬುವುದಿಲ್ಲ. ಅದಕ್ಕೆ ಒಂದು ಸಣ್ಣ ಮಳೆ ಸೆನ್ಸರ್, ಲೋಟದಷ್ಟು ದೊಡ್ಡದು. ಅದರೊಳಗಿನ ಬಿಲ್ಲೆಗಳು ನೆನೆದು ಉಬ್ಬಿದರೆ ಮಳೆ ಬಂತು ಎಂದು ಲೆಕ್ಕ, ಆ ದಿನದ ನೀರು ಬಂದ್. ನಾನು ಈ ಸಲ ವಿವರಿಸಲೂ ಇಲ್ಲ. ಮೇಜಿನ ಮೇಲೆ ಇಟ್ಟು, "ಇದೂ ಆಗುದಿಲ್ಲ ಅಂತಾದ್ರೆ ನನ್ನ ಅಂಗಡಿಗೆ ಇನ್ನು ಬರ್ಬೇಡಿ" ಎಂದೆ.

ಅದ್ರಾಮಾಕ ಪೆಟ್ಟಿಗೆ ಮುಟ್ಟಲಿಲ್ಲ. ಸೆನ್ಸರನ್ನು ಮಾತ್ರ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು.

"ಇದು ಆಗ್ತದೆ."

ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ಜೋಡಿಸಲು ಹೋದಾಗ ಇನ್ನೊಂದು ಸಲ ಬರಬೇಕಿತ್ತು. ಮಳೆ ಸೆನ್ಸರನ್ನು ಸೂರಿನ ಮೇಲೆ, ತೆರೆದ ಜಾಗದಲ್ಲಿ ಇಡುವುದು ಕ್ರಮ. ಅವರು ಒಪ್ಪಲಿಲ್ಲ. ಸಿಟೌಟಿನ ಪಕ್ಕ, ನಮಾಜಿನ ಮೊದಲು ಕೈಕಾಲು ಮುಖ ತೊಳೆಯುವ ನಳ್ಳಿ ಇರುವಲ್ಲಿ, ಎದೆಯ ಎತ್ತರಕ್ಕೆ ಹಾಕಿಸಿದರು.

"ಧೂಳು ಕೂತ್ರೆ ಒರಸ್ಬೇಕಲ್ಲ ಗೌಡ್ರೆ. ಮಾಡು ಹತ್ತಲಿಕ್ಕೆ ನನ್ನ ಮೊಣಕಾಲು ಬಿಡುದಿಲ್ಲ."

ನಾನು ಹಾಕಿಕೊಟ್ಟೆ. ಆಫ್ರಾ ಫೋನಿನಲ್ಲೇ ಹೇಳಿಕೊಟ್ಟು ಅಣ್ಣನ ಮೊಬೈಲಿಗೆ ಆ್ಯಪ್ ಜೋಡಿಸಿದಳು. ಮಶೂದ್ ಅಲ್ಲಿಂದ ಒತ್ತಿದ, ಇಲ್ಲಿ ಆರೂ ಕಡೆ ನೀರು ಚಿಮ್ಮಿತು. ಅವನು ವೀಡಿಯೊ ಕಾಲಿನಲ್ಲಿ ಮಗುವಿನಂತೆ ನಕ್ಕ. ಅದ್ರಾಮಾಕನೂ ನಕ್ಕರು. ಡಿಸೆಂಬರ್ ಹದಿನೈದರಂದು ನನ್ನ ಗ್ರಹಚಾರ ಕಳೆಯಿತು ಎಂದುಕೊಂಡು ಮನೆಗೆ ಹೋದೆ.

ಜನವರಿ ಕೊನೆಗೆ ಫೋನ್ ಬಂತು.

"ತೀರ್ಥಣ್ಣ, ಸವಣೂರಲ್ಲಿ ದಿನಾ ಮಳೆಯಾ?"

"ಮಳೆಯಾ? ಇಲ್ಲಿ ಧೂಳು ಹಾರ್ತಾ ಉಂಟು."

"ಆ್ಯಪಲ್ಲಿ ನಲವತ್ತು ದಿನದಿಂದ ಮಳೆ ಅಂತ ತೋರ್ಸ್ತದೆ. ಒಂದು ದಿನವೂ ನೀರು ಬಿಡ್ಲಿಲ್ಲ ಅದು. ಆಫ್ರಾ ಹತ್ರ ಕೇಳಿದ್ರೆ ಹುಲ್ಲು ಹಸಿರುಂಟು ಅಂತಾಳೆ, ಮತ್ತೆ ಎಂತ ಕೇಳಿದ್ರೂ ನಗ್ತಾಳೆ. ಎಂತ ಡುಪ್ಲಿಕೇಟ್ ಸಾಮಾನು ಕೊಟ್ಟದ್ದು ನೀವು? ಇಲ್ಲಿ ನಮ್ಮೂರಿನವರ ಗ್ರೂಪಲ್ಲಿ ಹಾಕ್ತೇನೆ ನೋಡಿ."

ನನಗೆ ಉರಿದುಹೋಯಿತು. ಡುಪ್ಲಿಕೇಟಂತೆ! ಹದಿನೆಂಟು ವರ್ಷದ ಅಂಗಡಿ! ಅಂಗಡಿಗೆ ಅರ್ಧ ಬಾಗಿಲು ಹಾಕಿ ಬೈಕ್ ಹತ್ತಿದೆ.

ನಾಲ್ಕು ಗಂಟೆ ಆಗಿತ್ತು, ಅಸರ್ ನಮಾಜಿನ ಹೊತ್ತು. ಗೇಟಿನಲ್ಲಿ ನನ್ನನ್ನು ಕಂಡ ಕದೀಜಮ್ಮನಿಗೆ ಇದ್ದಕ್ಕಿದ್ದಂತೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

"ಬನ್ನಿ ಬನ್ನಿ, ಒಳಗೆ ಕೂತ್ಕೊಳ್ಳಿ, ಶರಬತ್ತು ಮಾಡ್ತೇನೆ. ಆಚೆ ಎಂತಕ್ಕೆ ಹೋಗುದು, ಬಿಸಿಲು."

ನಾನು ಆಚೆಯೇ ಹೋಗಿ ಮನೆಯ ಮೂಲೆಯಲ್ಲಿ ನಿಂತೆ. ಅದ್ರಾಮಾಕ ನಳ್ಳಿಯ ಹತ್ತಿರ ಕೈಕಾಲು ತೊಳೆದು ಮುಗಿಸಿದ್ದರು. ಕಿಂಡಿ ಎಂಬ ಮೂತಿಯಿರುವ ಹಿತ್ತಾಳೆಯ ತಂಬಿಗೆಯಲ್ಲಿ ಇನ್ನೂ ಒಂದಷ್ಟು ನೀರು ಉಳಿದಿತ್ತು. ಅದನ್ನು ಒಂದು ತೊಟ್ಟೂ ಚೆಲ್ಲದಂತೆ ನನ್ನ ಸೆನ್ಸರಿನ ಮೇಲೆ ಸುರಿದರು. ಒಳಗೆ ಹೋಗಿ ನಮಾಜು ಮುಗಿಸಿ ಬಂದರು. ಲುಂಗಿ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಗೋಡೆಯ ಹಿಂದಿನಿಂದ ಪೈಪು ಎಳೆದುಕೊಂಡು ಲಾನಿನ ಮೇಲೆ ಬರಿಗಾಲಲ್ಲಿ ನಿಂತರು. ಹೆಬ್ಬೆರಳು ಪೈಪಿನ ಬಾಯಿಗೆ ಹೋಯಿತು. ಆಮೇಲೆ ನನ್ನನ್ನು ಕಂಡರು.

"ಅದ್ರಾಮಾಕ, ನೀವು ಮಾಡುದು ಸರಿಯಾ? ನಾಲ್ಕು ತಿಂಗಳು ಕುಣಿಸಿದ್ರಿ. ಈಗ ನಿಮ್ಮ ಮಗ ನನ್ನನ್ನು ಕಳ್ಳ ಅಂತಾನೆ! ನೀರು ನಾನೇ ಹಾಕ್ತೇನೆ ಅಂತ ಅವನಿಗೆ ಒಂದು ಮಾತು ಹೇಳ್ಲಿಕ್ಕೆ ಎಂತ ರೋಗ ನಿಮಗೆ?"

ಅವರು ನೀರು ಬಿಡುವುದನ್ನು ನಿಲ್ಲಿಸಲಿಲ್ಲ.

"ಒಮ್ಮೆ ಹೇಳಿದೆ. ಕೂಗಿದ ಅವನು. ಮದುವೆ ಪ್ರಾಯದ ಗಂಡು, ಫೋನಲ್ಲಿ ಅತ್ತುಬಿಟ್ಟ."

ಸ್ವಲ್ಪ ದೂರ ನಡೆದು ಹೇಳಿದರು. "ಅಲ್ಲಿ ಇಪ್ಪತ್ತಾರು ವರ್ಷ ಹುಲ್ಲಿಗೆ ನೀರು ಹಾಕಿದೆ ಗೌಡ್ರೆ. ಒಂದು ದಿನ ಅದರ ಮೇಲೆ ಕೂರ್ಲಿಕ್ಕೆ ಬಿಡ್ಲಿಲ್ಲ. ಆಮೇಲೆ ಇಂಥದ್ದೇ ಪೆಟ್ಟಿಗೆ ಬಂತು. ಗೋಡೆಗೆ ಸ್ಕ್ರೂ ಹಾಕಿದ್ದು ನಾನೇ. ಮರುವಾರ ನಮ್ಮನ್ನು ಹದಿನಾಲ್ಕು ಜನವನ್ನು ಊರಿಗೆ ಕಳ್ಸಿದ್ರು. ಪೆಟ್ಟಿಗೆ ಒಳ್ಳೇದೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಇದು ನನ್ನ ಹುಲ್ಲಲ್ವಾ?"

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮಶೂದ್.

"ನೋಡಿದ್ರಾ ಅಣ್ಣ? ಸೆನ್ಸರ್ ಹಾಳಲ್ವಾ?"

ಅದ್ರಾಮಾಕ ನನ್ನ ಮುಖ ನೋಡುತ್ತಾ ನಿಂತರು. ಹೌದು ಎಂದರೆ ನನ್ನ ಅಂಗಡಿಯ ಮಾನ ಹೋಗುತ್ತದೆ. ಇಲ್ಲ ಎಂದರೆ ಈ ಮನುಷ್ಯನ ಕೈಯಿಂದ ಪೈಪು ಹೋಗುತ್ತದೆ. ಇಂಥ ಜಾಗಕ್ಕೆ ನನ್ನನ್ನು ತಂದು ನಿಲ್ಲಿಸಿದ ಈ ಅಪ್ಪ ಮಗನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಸೆನ್ಸರ್ ಸರಿ ಉಂಟು" ಎಂದೆ. "ಇಲ್ಲಿ ಮಳೆ ಬರುದು ಹೌದು."

"ಜನವರಿಯಲ್ಲಿ?"

"ಹೌದು ಮಾರಾಯ. ನಿಮ್ಮ ಮನೆ ಲಾನಿಗೆ ಮಾತ್ರ. ದಿನಾ ಅಸರ್ ಆದ ಕೂಡ್ಲೆ. ಒಂದು ಗಂಟೆ ಬರ್ತದೆ."

ಆ ಕಡೆ ಯಾರೋ ಟಯರ್ ಉರುಳಿಸುತ್ತಿದ್ದ ಸದ್ದು ಕೇಳಿಸುತ್ತಿತ್ತು. ಮಶೂದ್ ಬೈಯುತ್ತಾನೆ ಎಂದು ಕಾದೆ.

"ತೀರ್ಥಣ್ಣ" ಎಂದ. "ಆ ಮಳೆಗೆ ಒಂದು ಮಾತು ಹೇಳಿ. ನಾಲ್ಕು ಗಂಟೆಗೆ ಬಿಸಿಲು ಜೋರುಂಟು. ಐದು ಕಳೆದ ಮೇಲೆ ಬರ್ಲಿ."

ಫೋನ್ ಜೇಬಿಗೆ ಹಾಕಿ, "ನಾಳೆಯಿಂದ ಐದು ಕಳೆದ ಮೇಲೆ ಹಾಕ್ಬೇಕಂತೆ" ಎಂದೆ.

ಯಾರು ಹೇಳಿದ್ದು ಎಂದು ಅದ್ರಾಮಾಕ ಕೇಳಲಿಲ್ಲ. ಪೈಪಿನ ಬಾಯಿಂದ ಹೆಬ್ಬೆರಳು ಜಾರಿತ್ತು. ನೀರು ಹುಲ್ಲಿಗೆ ಹೋಗದೆ ಅವರ ಕಾಲ ಮೇಲೆಯೇ ಬೀಳುತ್ತಿತ್ತು.