ಎಡಗಡೆಯ ಪುಟ

ಫಾರ್ಮು ತುಂಬುವುದೆಂದರೆ ನನಗೆ ಮೊದಲಿನಿಂದಲೂ ಮೈ ಉರಿ. ಅದರಲ್ಲೂ ಆ ದತ್ತಾಂಶ ನಿರ್ವಹಣೆಯ ಫಾರ್ಮು! ಎಂಟು ಪುಟ. ನಾವು ಚಿತ್ರದುರ್ಗದ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ತೆರೆದ ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ವಾರವಾರ ದಾಖಲಿಸುತ್ತಿದ್ದೆವು. ಮೂರು ವರ್ಷ ಮುಗಿದಿತ್ತು. ಕೆಲಸ ಮುಂದುವರಿಯಬೇಕಾದರೆ ಆ ಫಾರ್ಮನ್ನೂ ಅದುವರೆಗಿನ ಅಂಕಿಗಳನ್ನೂ ಹಣ ಕೊಡುವ ಸಂಸ್ಥೆಗೆ ಸೋಮವಾರ ಸಂಜೆಯೊಳಗೆ ಕಳಿಸಬೇಕಿತ್ತು.

ಅದರಲ್ಲೊಂದು ಪ್ರಶ್ನೆ: ಇಪ್ಪತ್ತು ವರ್ಷದ ನಂತರ, ನಿಮ್ಮನ್ನು ಕಂಡೇ ಇರದವರು ಈ ಅಂಕಿಗಳನ್ನು ನೋಡಿದರೆ ಅವರಿಗೆ ಹೇಗೆ ಅರ್ಥವಾಗುತ್ತದೆ? 'ಎಕ್ಸೆಲ್ ಫೈಲಿನಲ್ಲಿ ಇರುತ್ತದೆ' ಎಂದು ಬರೆದೆ. ಇಪ್ಪತ್ತು ವರ್ಷ ಬಿಟ್ಟು ಯಾರಪ್ಪ ಇದನ್ನು ನೋಡೋದು ಎಂದು ಗೊಣಗಿ ಮುಂದಿನ ಪ್ರಶ್ನೆಗೆ ಹೋದೆ.

ಫೈಲನ್ನು ಕೊನೆಯ ಸಲ ನೋಡುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಹೊಳಲ್ಕೆರೆ ಹತ್ತಿರದ ಹಳ್ಳಿಯ ಬಾವಿಯೊಂದರಲ್ಲಿ ಒಂದು ಸೋಮವಾರ ನೀರು ಹತ್ತೊಂಬತ್ತು ಅಡಿ ಆಳದಲ್ಲಿತ್ತು, ಮುಂದಿನ ಸೋಮವಾರ ಇಪ್ಪತ್ತೂವರೆಗೆ ಇಳಿದಿತ್ತು. ಅದು ಒಳ್ಳೆ ಮಳೆ ಬಂದ ವಾರ. ಸುತ್ತಲಿನ ಬಾವಿಗಳೆಲ್ಲ ಏರಿದ್ದವು.

ನಮ್ಮ ಮುಖ್ಯಸ್ಥರು ನೋಡಿ, "ಅಳೆದವರು ಕಣ್ಣುಮುಚ್ಚಿ ಬರೆದಿದ್ದಾರೆ. ಅವರು ಅಳೆದ ಆರೂ ಬಾವಿಗಳನ್ನು ತೆಗೆದುಬಿಡಿ" ಎಂದರು. ಅಳೆಯುತ್ತಿದ್ದವರು ಆ ಊರಿನ ಕುರಿ ಸಾಕುವ ಮನೆಯ ಹೆಂಗಸು, ಏಳನೇ ಕ್ಲಾಸು ಓದಿದವರು. ನಾನು ಅಕ್ಕ ಎನ್ನುತ್ತಿದ್ದೆ. ಮೂರು ವರ್ಷ ಬಿಸಿಲು ಮಳೆ ಎನ್ನದೆ ಅವರು ಬಾವಿಗೆ ಅಳತೆಯ ಟೇಪು ಇಳಿಸಿದ್ದು ಒಂದೇ ಮಾತಿಗೆ ಕಸದ ಬುಟ್ಟಿ ಸೇರಲಿತ್ತು. ನನಗೆ ಮುಖ್ಯಸ್ಥರ ಮೇಲೆ ರೇಗಿತು. ಆದರೆ ಅಕ್ಕನ ಮೇಲೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಶನಿವಾರ ಬೆಳಿಗ್ಗೆಯ ಬಸ್ಸು ಹತ್ತಿದೆ.

"ಬರ್ರಿ ಮೇಡಮ್ಮ, ಕುಂತ್ಕಳ್ರಿ" ಎಂದು ಅಕ್ಕ ಮಜ್ಜಿಗೆ ತರಲು ಎದ್ದರು.

"ಕೂತ್ಕೊಳ್ಳೋಕೆ ಬಂದಿಲ್ಲ ಅಕ್ಕ. ಮಳೆ ಬಂದ ವಾರ ಬಾವಿ ನೀರು ಇಳಿಯುತ್ತಾ? ಏನು ಬರೆದಿದ್ದೀರಿ ನೋಡಿ!" ಎಂದು ಫೋನು ಮುಂದೆ ಹಿಡಿದು ಜೋರು ಮಾಡಿದೆ.

ಅಕ್ಕ ಫೋನನ್ನು ನಿಧಾನವಾಗಿ ನೋಡಿದರು. "ನೀರು ಇಳಿದಿಲ್ರಿ. ಕಟ್ಟೆ ಏರೈತೆ. ಕುರಿಮರಿ ಬಿತ್ತು ಅಂತ ಆ ಸೋಮವಾರ ಎರಡಡಿ ಎತ್ತರ ಮಾಡಿದ್ರು. ಕಟ್ಟೆ ಮ್ಯಾಲಿಂದ ಅಳೀರಿ ಅಂತ ನೀವೇ ಹೇಳಿದ್ರಲ್ಲ."

"ಅದನ್ನ ನನಗೆ ಹೇಳಬೇಕೋ ಬೇಡವೋ?"

"ಬರ್ದಿದೀನಲ್ರಿ. ಎಡಗಡೆ ಪುಟದಾಗೆ."

ಎಡಗಡೆ ಪುಟ! ನೋಟ್‌ಬುಕ್ಕಿನ ಬಲಗಡೆ ಅಂಕಿ ಬರೆಯಿರಿ, ಅದರ ಫೋಟೋ ಮಾತ್ರ ಕಳಿಸಿ, ಬೇರೇನೂ ಬೇಡ, ಫೋನಿನಲ್ಲಿ ಜಾಗವಿಲ್ಲ ಎಂದು ಮೊದಲ ದಿನ ಅವರಿಗೆ ಹೇಳಿದವಳು ನಾನೇ. ಆಮೇಲೆ ಆ ನೋಟ್‌ಬುಕ್ಕನ್ನು ಒಂದು ದಿನವೂ ಬಿಡಿಸಿ ನೋಡಿರಲಿಲ್ಲ.

ಅಕ್ಕ ಒಳಗಿನಿಂದ ಹಳೇ ಸೀರೆಯಲ್ಲಿ ಸುತ್ತಿಟ್ಟ ನಾಲ್ಕು ನೋಟ್‌ಬುಕ್ ತಂದರು. ಮನೆ ಪಕ್ಕದ ಬಾವಿಕಟ್ಟೆಗೆ ಒರಗಿ ಕೂತು ಆ ವಾರದ ಪುಟ ಹುಡುಕಿದೆ. 'ಇವತ್ತು ಕಟ್ಟೆ ಏರಿಸಿದರು. ಗಾರೆಯವರು ಬರುವ ಮೊದಲು ಹದಿನೆಂಟೂವರೆ. ಕಟ್ಟಿದ ಮೇಲೆ ಇಪ್ಪತ್ತೂವರೆ. ಎರಡಡಿ ಕಳೆಯಬೇಕು.' ನೀರು ಇಳಿದಿರಲಿಲ್ಲ. ಅರ್ಧ ಅಡಿ ಏರಿತ್ತು.

ಅಲ್ಲಿಗೇ ಮುಚ್ಚಿಡಬಹುದಿತ್ತು, ಮನಸ್ಸಾಗಲಿಲ್ಲ. 'ಮೋಟರು ಓಡುತ್ತಿತ್ತು, ನಿಲ್ಲಿಸಿದ ಮೇಲೆ ಒಂದು ಗಂಟೆ ಕಾದೆ.' 'ಟೇಪಿನ ತುದಿ ಒಂದು ಇಂಚು ಮುರಿದಿದೆ, ಹೊಸದು ಬರುವ ತನಕ ಕಳೆಯಬೇಕು.' 'ನನಗೆ ಜ್ವರ, ಸೊಸೆ ಅಳೆದಳು. ಬುಧವಾರ ನಾನೇ ಹೋಗಿ ನೋಡಿದೆ, ಸರಿ ಇದೆ.' ಪುಟ ತಿರುಗಿಸಿದಷ್ಟೂ ಇದೇ. ಅಬ್ಬಾ! ನಾನು ಓದಿದ್ದೇನು, ಕಲಿತದ್ದೇನು! ಇಷ್ಟು ಅಚ್ಚುಕಟ್ಟಾದ ದಾಖಲೆಯನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ಕಣ್ಣು ತುಂಬಿತು, ನಾಚಿಕೆಯೂ ಆಯಿತು.

"ಇಷ್ಟೆಲ್ಲ ಯಾಕೆ ಬರೆದಿಟ್ಟಿರಿ ಅಕ್ಕ? ಯಾರೂ ಕೇಳಿರಲಿಲ್ಲವಲ್ಲ."

ಅಕ್ಕನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ನಾನೇನು ಯಾವಾಗ್ಲೂ ಇರ್ತೀನೇನ್ರಿ? ನಾಳೆ ಇನ್ಯಾರೋ ಬಂದು ಟೇಪು ಇಳಿಸ್ತಾರೆ. ಬರೇ ನಂಬರ್ ಕೊಟ್ರೆ ಅವರಿಗೇನು ತಿಳೀತೈತೆ?"

ಎಂಟು ಪುಟದ ಫಾರ್ಮು ಕೇಳಿದ್ದು ಇದನ್ನೇ. ನಾನು ಮಜ್ಜಿಗೆ ಕುಡಿದು, ನಾಲ್ಕೂ ನೋಟ್‌ಬುಕ್ಕಿನ ಎಡಗಡೆ ಪುಟಗಳ ಫೋಟೋ ತೆಗೆದುಕೊಂಡೆ. ಭಾನುವಾರವಿಡೀ ಕೂತು, ಫೈಲಿನಲ್ಲಿ ಹೊಸದೊಂದು ಕಾಲಂ ಮಾಡಿ ಎಲ್ಲವನ್ನೂ ಟೈಪು ಮಾಡಿದೆ. ಮುಖ್ಯಸ್ಥರು ಅದನ್ನು ಕೊನೆಯವರೆಗೂ ಓದಿದರು. ಆಮೇಲೆ, "ಉಳಿದ ಊರುಗಳಲ್ಲಿ ಅಳೆಯುವವರಿಗೆಲ್ಲ ಹೀಗೆ ಬರೆಯೋದನ್ನ ನಿಮ್ಮ ಅಕ್ಕನ ಹತ್ತಿರವೇ ಹೇಳಿಸೋಣ" ಎಂದರು. ಆರು ಬಾವಿಗಳೂ ಉಳಿದವು.

ಸೋಮವಾರ ಮಧ್ಯಾಹ್ನ, ಫಾರ್ಮು ಕಳಿಸುವ ಮೊದಲೇ, ಅಕ್ಕನ ಫೋಟೋ ಬಂತು. ಈ ಸಲ ಎರಡೂ ಪುಟ ಇದ್ದವು. ಎಡಗಡೆ ಹೀಗಿತ್ತು: 'ಶನಿವಾರ ಮೇಡಂ ಬಂದಿದ್ದರು. ಮೊದಲು ಬೈದರು. ಆಮೇಲೆ ಪುಸ್ತಕ ಓದಿ ಅತ್ತರು. ನೀರಿನಲ್ಲಿ ವ್ಯತ್ಯಾಸ ಇಲ್ಲ.'

ಒಂದಕ್ಷರ ಬಿಡದೆ ಅದನ್ನೂ ಹೊಸ ಕಾಲಮ್ಮಿನಲ್ಲಿ ಟೈಪು ಮಾಡಿ ಕಳಿಸಿದೆ.