ಸೀರಿಯಸ್ ಎಂಬ ಮಾತು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ನಾನು ಈಗಲೂ ಮೇಲೂರಿನ ನಮ್ಮ ಹುಳುಮನೆಯ ಹೊಸ್ತಿಲ ಒಳಗೆ ನಿಂತುಬಿಡುತ್ತೇನೆ. ಅರವತ್ತರ ದಶಕದ ಮೊದಲ ವರ್ಷಗಳು, ಬೆಳಗಿನ ಬಸ್ಸು ಬರುವ ಹೊತ್ತು. ರೇಷ್ಮೆಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಪೊರೆ ಬಿಡುವ ನಿದ್ದೆಗೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ತಟ್ಟೆಗಳ ತುಂಬ ಅವು ಮೇಯುವ ಸದ್ದು. ಆ ಸದ್ದಿನ ನಡುವೆಯೇ ಬಸ್ಸಿನ ಕಂಡಕ್ಟರು ಅಂಗಳದಿಂದ ಕೂಗಿದ: "ರಾಮಣ್ಣೋರೇ, ನಿಮ್ಮ ಸರಸ ಬಹಳ ಸೀರಿಯಸ್ ಅಂತೆ! ಹಾಸ್ಟೆಲ್ ಮೇಡಮ್ಮೋರು ಬರಕ್ಕೆ ಹೇಳವ್ರೆ."

ಸರಸ ನನ್ನ ಅಕ್ಕ, ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು. ಅಪ್ಪನ ಕೈಯಿಂದ ಸೊಪ್ಪು ಜಾರಿತು. ತಾತನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾಗಲೂ ಇದೇ ಮಾತು ಬಂದಿತ್ತು. ಹೋಗಿ ನೋಡಿದರೆ ಹೆಣ. ಸೀರಿಯಸ್ ಎಂಬ ಆ ಇಂಗ್ಲಿಷ್ ಮಾತಿನ ಬೇರಿನಲ್ಲಿ ಭಾರ, ತೂಕ ಎಂಬ ಅರ್ಥವಿದೆಯೆಂದು ಎಷ್ಟೋ ಕಾಲದ ಮೇಲೆ ನಿಘಂಟಿನಲ್ಲಿ ಓದಿದೆ. ಮೊದಲು ತೂಕ, ಆಮೇಲೆ ಗಾಂಭೀರ್ಯ, ಶ್ರದ್ಧೆ, ಅಪಾಯ. ನಮ್ಮ ಮನೆಗೆ ಅದು ಸಾವಿನ ಅರ್ಥ ಹೊತ್ತೇ ಬಂದಿತ್ತು.

ಹುಳುಗಳನ್ನು ಅಮ್ಮನಿಗೆ ಬಿಟ್ಟು ಅಪ್ಪ, ಅಜ್ಜಿ, ನಾನು ಅದೇ ಬಸ್ಸು ಹತ್ತಿದೆವು. ಅಜ್ಜಿ ದಾರಿಯುದ್ದಕ್ಕೂ "ನಾ ತಲ್ಲೀ, ನಾ ತಲ್ಲೀ", ನನ್ನ ತಾಯೀ ಎಂದು ಮೊಮ್ಮಗಳನ್ನು ನೆನೆದು ತೆಲುಗಿನಲ್ಲಿ ಗೊಣಗುತ್ತಿದ್ದಳು. ಭಯವಾದರೆ ಅವಳಿಗೆ ತವರಿನ ಮಾತೇ ಬರುತ್ತಿದ್ದುದು.

ಹಾಸ್ಟೆಲಿನ ಅಂಗಳದಲ್ಲಿ ಸರಸಕ್ಕ ಬಟ್ಟೆ ಹಿಂಡುತ್ತಿದ್ದಳು. ನಮ್ಮನ್ನು ನೋಡಿ ನಕ್ಕಳು. ಅಪ್ಪ ಮೆಟ್ಟಿಲ ಮೇಲೆ ಕೂತರು. ಒಳಗಿಂದ ಬಂದ ಟೀಚರು, "ಓದಿನಲ್ಲಿ ತುಂಬ ಸೀರಿಯಸ್ ನಿಮ್ಮ ಹುಡುಗಿ. ಕಾಲೇಜಿಗೂ ಕಳಿಸಿ, ಅದನ್ನ ಹೇಳೋಣ ಅಂತಲೇ ಬರಹೇಳಿದ್ದು" ಎಂದರು.

ಅಜ್ಜಿ ಅಷ್ಟರಲ್ಲಿ ಅಕ್ಕನ ಒದ್ದೆ ಕೈ ಹಿಡಿದಾಗಿತ್ತು. "ಗಂಟು ಕಟ್ಟು, ಹೋಗಣ."

"ಅಜ್ಜಿ, ಅದು ಒಳ್ಳೇ ಮಾತು ಕಣಜ್ಜಿ!" ಎಂದಳು ಅಕ್ಕ.

"ಒಳ್ಳೇ ಮಾತಾದ್ರೆ ನಿಮ್ಮ ತಾತ ಯಾಕಮ್ಮ ಹೋದ್ರು? ಒಂದ್ಸಲ ಮನೆ ಬಾಗಿಲಿಗೆ ಬಂದ ಮಾತು ಬರಿಗೈಲಿ ಹೋಗಲ್ಲ."

ಟೀಚರು ಎರಡು ಸಲ ಬಿಡಿಸಿ ಹೇಳಿದರು. ಅಪ್ಪನಿಗೆ ಅರ್ಥವಾಯಿತು, ಅವರ ಮುಖ ನೋಡಿದ ನನಗೆ ಅದು ಗೊತ್ತು. ಸರಸಕ್ಕನೂ ಅವರನ್ನೇ ನೋಡುತ್ತಿದ್ದಳು. ಅವರೊಂದು ಮಾತು ಆಡಿದ್ದರೆ ಸಾಕಿತ್ತು. ಅಪ್ಪ ಎದ್ದು, ಅಕ್ಕನ ಕೈ ಬಿಡದೆ ನಿಂತ ತಾಯಿಯ ಕಡೆ ನೋಡಿದರು, ಒಳಗೆ ಹೋಗಿ ಟ್ರಂಕು ಎತ್ತಿಕೊಂಡು ಬಂದರು.

ಆ ಅಂಗಳದಲ್ಲಿ ನಿಂತಿದ್ದವರಲ್ಲಿ ಅಜ್ಜಿ ಇಲ್ಲ, ಅಪ್ಪ ಇಲ್ಲ, ಟೀಚರೂ ಹೋದರಂತೆ. ಕಂಡವರು ಉಳಿದಿರುವುದು ನಾನು ಮತ್ತು ಸರಸಕ್ಕ. ಅಂದಿನಿಂದ ಮತ್ತೆ ಶಾಲೆಯ ಮೆಟ್ಟಿಲು ಹತ್ತದ ಅಕ್ಕ ಈಗ ಚಿಂತಾಮಣಿಯಲ್ಲಿದ್ದಾಳೆ. ಇಂದಿಗೂ ಅವಳು ಆ ದಿನದ ಮಾತೆತ್ತಿಲ್ಲ.