ಬಾಗಲಕೋಟೆಯ ಒಣಗಾಳಿಯಲ್ಲಿ ನನ್ನ ಹಸಿರು ಸ್ಲೈಡುಗಳು

ಬಾಗಲಕೋಟೆಯ ನವನಗರದಲ್ಲಿ ಮೊದಲ ಬೆಳಿಗ್ಗೆ. ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಕೊನೆಯ ಚೂಡಿದಾರವನ್ನು ತಂತಿಗೆ ಹಾಕುವಷ್ಟರಲ್ಲಿ ಮೊದಲನೆಯದು ಒಣಗಿಬಿಟ್ಟಿತ್ತು! ನಂಬಲಾಗದೆ ಮೂಗಿಗೆ ಹಿಡಿದು ಮೂಸಿದೆ. ಕೆಳಗಿನಿಂದ ಮನೆಯ ಮಾಲಕಿ ನೀಲವ್ವ ನಕ್ಕರು. "ಅರಿವಿ ಒಣಗ್ಯಾವೋ ಇಲ್ಲೋ ಅಂತ ಮೂಸಿ ನೋಡ್ತಾರೇನವಾ? ಕೈಲೇ ಮುಟ್ಟಿ ನೋಡು!"

ಅರಿವಿ ಅಂದರೆ ಬಟ್ಟೆ. ಇಲ್ಲಿ ನಾನು ಕಲಿತ ಮೊದಲ ಪದ.

ಕುಂದಾಪುರದ ನಿಮಗೆ ಹೇಗೆ ಹೇಳಲಿ? ನಮ್ಮಲ್ಲಿ ಮಾರ್ಚ್ ಅಂದರೆ ಕೂತಲ್ಲೇ ಬೆವರು, ಉಪ್ಪಿನ ಡಬ್ಬಿಯಲ್ಲೂ ನೀರು. ಇಲ್ಲಿ ತುಟಿ ಒಡೆಯುತ್ತದೆ, ಬಾಚಣಿಗೆಗೆ ಕೂದಲು ಎದ್ದು ನಿಲ್ಲುತ್ತದೆ. ನಾವು ಹಪ್ಪಳ ಸುಟ್ಟ ಹತ್ತು ನಿಮಿಷಕ್ಕೆ ಅದು ಮೆತ್ತಗಾಗುತ್ತದೆ. ಇವರ ಕಡಕ್ ರೊಟ್ಟಿ ತಿಂಗಳಾದರೂ ಕಟಕಟ ಅನ್ನುತ್ತದೆ. ಮೀನಿಲ್ಲದ ಊಟಕ್ಕೆ ಮೊದಲ ವಾರ ಅಳು ಬಂದದ್ದು ಖರೆ. (ಖರೆ ಅಂದರೆ ನಿಜ. ನೋಡಿ, ಬಾಯಿಗೆ ಹತ್ತಿಬಿಟ್ಟಿದೆ.) ಒಂದು ರಜೆಯಲ್ಲಿ ಒಬ್ಬಳೇ ಬಸ್ಸು ಹತ್ತಿ ಬಾದಾಮಿಗೆ ಹೋದೆ. ಕೆಂಪು ಬಂಡೆ, ಹಸಿರು ಹೊಂಡ, ಮಂಗಗಳು. ಅಷ್ಟು ಚೆಂದದ್ದನ್ನು ಪಕ್ಕದಲ್ಲಿ ಯಾರೂ ಇಲ್ಲದೆ ನೋಡುವುದು ಎಂಥ ಶಿಕ್ಷೆ!

ಬಂದದ್ದು ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ. ಓದಿದ್ದು ಡಿಪ್ಲೊಮಾ ಅಷ್ಟೇ. ಆದರೆ ಹೊಳೆಯುವ ಪ್ರತಿಕಾಯಗಳ (ಆ್ಯಂಟಿಬಾಡಿಗಳ) ಹುಚ್ಚು ಹಿಡಿದು, ಹಳೆಯ ಪುಸ್ತಕ, ವಿಡಿಯೊ, ಸಿಕ್ಕಿದ್ದನ್ನೆಲ್ಲ ನೋಡಿ ಕಲಿತಿದ್ದೆ. ವಿಷಯ ಸರಳ. ಜ್ವರದವರ ಮೂಗು, ಗಂಟಲಿನಿಂದ ತೆಗೆದ ಕೋಶಗಳನ್ನು ಗಾಜಿನ ಸ್ಲೈಡಿಗೆ ಅಂಟಿಸುತ್ತೇವೆ. ಫ್ಲೂ ವೈರಸ್ಸನ್ನಷ್ಟೇ ಗುರುತಿಸಿ ಹಿಡಿಯುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಅದರ ಒಂದು ಹನಿ ಸ್ಲೈಡಿನ ಮೇಲೆ ಬಿಟ್ಟು ಅರ್ಧ ಗಂಟೆ ಬೆಚ್ಚಗಿಟ್ಟು ತೊಳೆದರೆ, ವೈರಸ್ ಇದ್ದಲ್ಲಿ ಮಾತ್ರ ಅದು ಉಳಿಯುತ್ತದೆ. ಕತ್ತಲೆ ಕೋಣೆಯ ಮೈಕ್ರೊಸ್ಕೋಪಿನಲ್ಲಿ ನೀಲಿ ಬೆಳಕು ಬಿಟ್ಟರೆ ಎಳೆಹಸಿರು ಹೊಳಪು!

ಡಾಕ್ಟರ್ ಸರ್ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು. "ಮೂರು ತಿಂಗಳು ನೋಡೂಣು. ಅವೇ ಮಾದರಿ ದೊಡ್ಡ ಲ್ಯಾಬಿಗೂ ಕಳಸ್ತೀವಿ. ಅವರದೂ ನಿಂದೂ ತಾಳೆ ಆದ್ರ ನೀ ಇಲ್ಲೇ ಇರು. ಇಲ್ಲಾಂದ್ರ ನಿಮ್ಮೂರ ಬಸ್ಸು ಹತ್ತು."

ಮೊದಲ ದಿನ ಐವರು ರೋಗಿಗಳ ಸ್ಲೈಡು ಮಾಡಿದೆ. ಐದೂ ಹಸಿರು! ಕಾರಿಡಾರಿನಲ್ಲಿ ಓಡಿದೆ. "ಸರ್, ಐವರಿಗೂ ಫ್ಲೂ ಇದೆ!"

ಸರ್ ತಲೆ ಎತ್ತಲಿಲ್ಲ. "ಆರೋಗ್ಯ ಇದ್ದವರ ಸ್ಲೈಡು ಮಾಡಿದ್ಯಲ್ಲ, ಅದನ್ನ ನೋಡಿದ್ಯೇನು?"

ನೋಡಿರಲಿಲ್ಲ. ಹೋಲಿಕೆಗೆಂದು ನನ್ನದೇ ಮೂಗಿನ ಕೋಶಗಳನ್ನು ಇಟ್ಟಿದ್ದೆ. ವಾಪಸ್ ಹೋಗಿ ನೋಡಿದರೆ ಅದೂ ಹಬ್ಬದ ದೀಪದ ಹಾಗೆ ಹೊಳೆಯುತ್ತಿತ್ತು.

ಹಿರಿಯ ತಂತ್ರಜ್ಞೆ ಶಾಹಿನಾ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರಾ ಇಲ್ಲಲ್ಲ! ಮತ್ತ ಯಾಕ ಹೊಳಿಯಾಕತ್ತೀ?"

"ನಾನು ವಿಧಾನವನ್ನು ಸರಿಯಾಗಿಯೇ ಪಾಲಿಸಿದ್ದೇನೆ."

"ಯವ್ವಾ, ಟಿವಿಯಾಗ ಸುದ್ದಿ ಓದಿದಂಗ ಮಾತಾಡಬ್ಯಾಡ! ಎಲ್ಲೋ ತಪ್ಪೇತಿ, ಹುಡುಕು."

ನನ್ನ ಕುಂದಾಪ್ರ ಕನ್ನಡ ಇಲ್ಲಿ ನಡೆಯದು. ಅದಕ್ಕೇ ಪುಸ್ತಕದ ಕನ್ನಡ ಹಿಡಿದಿದ್ದೆ. ಅದೂ ನಡೆಯಲಿಲ್ಲ.

ಎರಡು ವಾರ ಹುಡುಕಿದೆ. ಹೆಚ್ಚು ತೊಳೆದೆ, ಪ್ರತಿಕಾಯ ತೆಳು ಮಾಡಿದೆ. ಎಲ್ಲವೂ ಹಸಿರೇ. ನನ್ನ ಮುಖ ನೋಡಲಾರದೆ ಶಾಹಿನಾ ಭಾನುವಾರ ತನ್ನ ತವರಿಗೆ ಕರೆದೊಯ್ದಳು. ಹುನಗುಂದ ದಾಟಿ ಇಳಕಲ್. ಅವಳ ಅಬ್ಬಾ ಸೀರೆ ನೇಯುವವರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು. ನೇಯುತ್ತಿದ್ದವರು ನಿಲ್ಲಿಸಿ, ತಂಬಿಗೆಯಿಂದ ಕುಣಿಯ ಒಳಗೋಡೆಗೆ ನೀರು ಚಿಮುಕಿಸಿದರು.

"ನೀರು ಯಾಕೆ ಅಬ್ಬಾ?"

"ಗಾಳಿ ಒಣಗಿದ್ರ ಎಳಿ ಹರೀತದ ಬೇಟಿ. ನಮ್ಮ ಕಡೆ ಗಾಳಿ ಭಾಳ ಬಿರುಸು. ಎಳಿಗೆ ಹಸಿ ಗಾಳಿ ನಾವಽ ಮಾಡಿ ಕೊಡಬೇಕು."

ಕೈಯಲ್ಲಿದ್ದ ಚಹಾ ಚೆಲ್ಲಿತು. ಸ್ಲೈಡಿನ ಮೇಲಿನ ನನ್ನ ಹನಿ!

ಪುಸ್ತಕದಲ್ಲಿ ಬರೆದಿತ್ತು: ಸ್ಲೈಡುಗಳನ್ನು ತೇವದ ಪೆಟ್ಟಿಗೆಯಲ್ಲಿಡಿ. ಊರಿನ ಲ್ಯಾಬಿನಲ್ಲಿ ಕಲಿಯುವಾಗ ಮುಚ್ಚಳವಿದ್ದ ಬರೀ ಡಬ್ಬಿ ಸಾಕಾಗುತ್ತಿತ್ತು. ನಮ್ಮ ಗಾಳಿಯೇ ತೇವದ ಪೆಟ್ಟಿಗೆಯಲ್ಲವೇ? ಆ ಸಾಲನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಲ್ಲಿ ಅಂಥದೇ ಬರೀ ಡಬ್ಬಿಯಲ್ಲಿ ಅರ್ಧ ಗಂಟೆಯೊಳಗೆ ಹನಿ ಒಣಗುತ್ತಿತ್ತು. ಒಣಗಿದ ಪ್ರತಿಕಾಯ ವೈರಸ್ ಇರಲಿ ಬಿಡಲಿ ಸಿಕ್ಕಲ್ಲೆಲ್ಲ ಅಂಟಿಕೊಳ್ಳುತ್ತಿತ್ತು. ಆಮೇಲೆ ಎಷ್ಟು ತೊಳೆದರೇನು!

"ನಿಮ್ಮ ಮಗ್ಗಾ ನೋಡಿ ಈ ಹುಡುಗಿಗೆ ಹುಚ್ಚು ಹಿಡೀತು ಅಬ್ಬಾ," ಅಂದಳು ಶಾಹಿನಾ.

ಸೋಮವಾರ ಡಬ್ಬಿಯ ತಳಕ್ಕೆ ಒದ್ದೆ ಬಟ್ಟೆ ಹಾಸಿದೆ, ಮುಚ್ಚಳದ ಒಳಗೂ ಒಂದು. ಅರ್ಧ ಗಂಟೆಯ ನಂತರ ತೆಗೆದರೆ ಹನಿಗಳು ದುಂಡಗೆ, ಇಟ್ಟ ಹಾಗೇ ಕೂತಿದ್ದವು. ತೊಳೆದು ಕತ್ತಲೆ ಕೋಣೆಗೆ ಹೋದೆ. ಮೊದಲು ನನ್ನ ಸ್ಲೈಡು: ಕೋಶ ಕಾಣಲೆಂದು ಹಾಕುವ ಇನ್ನೊಂದು ಬಣ್ಣದ ಮಂದ ಕೆಂಪು, ಒಂದು ಚುಕ್ಕೆ ಹಸಿರಿಲ್ಲ. ನನ್ನ ಕೋಶಗಳು ಕತ್ತಲೆಯಾಗಿದ್ದಕ್ಕೆ ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು! ಆಮೇಲೆ ರೋಗಿಗಳದು. ಮೂವರದು ಕತ್ತಲೆ. ಇಬ್ಬರದರಲ್ಲಿ ಕೆಂಪು ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ, ಒಳಗಿನಿಂದ, ಎಳೆ ಹುಣಸೆ ಚಿಗುರಿನ ಹಾಗೆ ಹಸಿರು.

ದೊಡ್ಡ ಲ್ಯಾಬಿನ ವರದಿ ಬಂತು. ಅವರೂ ಅದೇ ಇಬ್ಬರನ್ನು ಹೆಸರಿಸಿದ್ದರು. ಮೂರು ತಿಂಗಳು ಮುಗಿಯುವವರೆಗೆ ಒಂದೂ ತಪ್ಪಲಿಲ್ಲ.

ಸರ್ ವರದಿಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿದರು. "ಖಾಯಂ ಮಾಡ್ಕೊಂತೀವಿ. ಇನ್ನ ಬಸ್ಸಿನ ವಿಚಾರ ಬಿಡು."

ಶಾಹಿನಾ ಲ್ಯಾಬಿಗೆಲ್ಲ ಇಳಕಲ್ಲಿನ ಮಿಠಾಯಿ ಹಂಚಿದಳು. ನಾನು ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ಒಂದೇ ಉಸಿರಿನಲ್ಲಿ ಹೇಳಿದೆ: ಗೆದ್ದೆ, ಖಾಯಂ ಆಯಿತು, ಇಲ್ಲೇ ಉಳಿಯುತ್ತೇನೆ!

"ಗೆಲ್ಲಲಿ ಅಂದೇ ದೇವ್ರಿಗೆ ಹೇಳ್ಕಂಡದ್ದ್ ಮಗಾ," ಅಂದಳು ಅಮ್ಮ. "ಸೋತ್ರೆ ನೀ ಮನಿಗ್ ಬತ್ತೆ ಅಂದೂ ಒಂಚೂರ್ ಆಸಿ ಇದ್ದಿತ್."

ನಗು ಬಂತು, ಕಣ್ಣೂ ತುಂಬಿತು. ಅಮ್ಮನಿಗೆ ಹೇಳದ ಮಾತನ್ನು ನಿಮಗೆ ಹೇಳುತ್ತೇನೆ. ಆ ಎರಡು ವಾರ ಎಲ್ಲ ಸ್ಲೈಡೂ ಹಸಿರಾಗುತ್ತಿದ್ದಾಗ, ನನ್ನೊಳಗೂ ಅದೇ ಒಂಚೂರು ಇತ್ತು.